ಅಕ್ಕಿ ತುಂಬಿದ ಮನೆ

ಚಳ್ಳಕೆರೆಯಲ್ಲಿ ಶೇಂಗಾ ಕೊಳ್ಳುವವನು ಮೂಟೆಯ ಮೇಲಿನ ಕಾಯಿ ನೋಡಿ ದರ ಹೇಳುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಒಡೆದು, ಬೀಜ ಬಾಯಿಗೆ ಹಾಕಿಕೊಂಡು, ಆಮೇಲೆ ಮುಖ ಸಿಂಡರಿಸುತ್ತಾನೆ. ಮುಖ ಸಿಂಡರಿಸಿದನೆಂದರೆ ಮಾಲು ಕೆಟ್ಟಿದೆ ಎಂದಲ್ಲ, ಚೆನ್ನಾಗಿದೆ ಎಂದು. ಇಂಥ ಊರಿನಲ್ಲಿ ಹುಟ್ಟಿದ ಮೆಹಜಬೀನ್ ಮೇಡಂ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿದ ಹೊಸದರಲ್ಲಿ, ಮಕ್ಕಳಿಗೆ ಪದ್ಯದ ತಳಕ್ಕೆ ಕೈ ಹಾಕುವುದನ್ನು ತೋರಿಸಿಕೊಟ್ಟರಾಯಿತು, ಉಳಿದದ್ದು ತಾನೇ ಬರುತ್ತದೆ ಎಂದುಕೊಂಡಿದ್ದರು. ಕಾಲು ಶತಮಾನ ಆಗುತ್ತಾ ಬಂತು, ಬರಲಿಲ್ಲ. ಮಂಡಿನೋವು ಬಂತು.

ಶಾಲೆ ಇದ್ದದ್ದು ಆಂಧ್ರದ ಗಡಿಗೆ ಆತುಕೊಂಡ ಹಳ್ಳಿಯಲ್ಲಿ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು. ಮೊದಲನೆಯದು ತಡವಾದರೆ ಎರಡನೆಯದು ಅಪ್ಪಿತಪ್ಪಿಯೂ ತಡವಾಗುತ್ತಿರಲಿಲ್ಲ. ಮನೆಯಲ್ಲಿ ಉರ್ದು ಆಡುವ ಮೇಡಂ, ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಕನ್ನಡ ಕಲಿಸಬೇಕು. ಮೂರು ಅಂಗಡಿ ದಾಟಿ ಬರುವ ಸಕ್ಕರೆಯ ಹಾಗೆ, ಕೈಯಿಂದ ಕೈಗೆ ಒಂದಿಷ್ಟು ಸೋರಿಯೇ ಸೋರುತ್ತದೆ.

"ಈ ಪದ್ಯದ ಒಳಗೆ ಏನೈತ್ರಪ್ಪಾ?" ಎಂದು ಕೇಳಿದರೆ ಇಡೀ ಹತ್ತನೇ ತರಗತಿ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು: "ಕವಿ ಮಾನವೀಯ ಮೌಲ್ಯಗಳನ್ನು ಎತ್ತಿ ಹಿಡಿದಿದ್ದಾರೆ ಮೇಡಂ!"

ಪಾರಿವಾಳದ ಪದ್ಯಕ್ಕೂ ಅದೇ, ಬಾವಿಯ ಪದ್ಯಕ್ಕೂ ಅದೇ. ಗೈಡಿನಲ್ಲಿ ಹಾಗೇ ಇದೆ.

"ಲೋ, ಹೋದ ವಾರದ ಪದ್ಯಕ್ಕೂ ಇದನ್ನೇ ಹೇಳಿದ್ರಲ್ಲೋ?"

"ಅದು ಎಲ್ಲದಕ್ಕೂ ಕೂರ್ತೈತೆ ಮೇಡಂ," ಎಂದ ಹಿಂದಿನ ಬೆಂಚಿನ ಚಿರಂಜೀವಿ. "ಫ್ರೀ ಸೈಜು."

ಮೇಡಂ ನಕ್ಕರು. ನಕ್ಕಿದ್ದಕ್ಕೆ ಅವರಿಗೇ ಸುಸ್ತಾಯಿತು.

ಅದೇ ವರ್ಷ ಚಳ್ಳಕೆರೆಯ ಕಚೇರಿಯೊಂದರಲ್ಲಿ ಕನ್ನಡ ಬಲ್ಲ ಶಿಕ್ಷಕರೊಬ್ಬರು ಬೇಕೆಂಬ ಸುದ್ದಿ ಬಂತು. ಪಾಠ ಇಲ್ಲ, ಬಸ್ಸಿಲ್ಲ. ಮನೆಯಿಂದ ನಡೆದು ಹೋಗುವಷ್ಟು ದೂರ. ಕುರ್ಚಿಯ ಮೇಲೆ ಫ್ಯಾನು, ಫ್ಯಾನಿನ ಕೆಳಗೆ ಕುರ್ಚಿ. ಮೇಡಂ ಬದುಕಿನಲ್ಲಿ ಮೊದಲ ಸಲ ಯಾವುದಕ್ಕೋ ಆಸೆಪಟ್ಟರು. ಹೆಸರು ಕಳಿಸಬೇಕಾದವರು ವಿಷಯ ಪರಿವೀಕ್ಷಕ ಜಂಬುಲಿಂಗಪ್ಪನವರು. ಹಾವೇರಿ ಕಡೆಯಿಂದ ವರ್ಗವಾಗಿ ಬಂದವರು, ಕೆಟ್ಟವರಲ್ಲ, ಪ್ರಶ್ನೆಗೊಂದು ಉತ್ತರ ಇರಬೇಕು ಎಂದು ನಂಬಿದವರು.

"ನಿಮ್ಮ ಹೆಸರ ಕಳಸ್ತೇನ್ರಿ ಮೇಡಂ," ಎಂದರು. "ಆದ್ರ ಮೊದಲ ಒಮ್ಮೆ ನಿಮ್ಮ ಕ್ಲಾಸು ನೋಡಬೇಕು. ಕೀ ಉತ್ತರದ ಪ್ರಕಾರ ನಡೀಲಿ. ಒಳಗ, ಆಳ, ತಳ ಅಂತ ಹೋಗಬ್ಯಾಡ್ರಿ. ಹುಡುಗರು ಪಾಸಾಗ್ಬೇಕಲ್ಲ?"

"ಹೋಗಲ್ಲ ಸರ್," ಎಂದರು ಮೇಡಂ. ನಿಜವಾಗಿಯೂ ಹೋಗುವ ಶಕ್ತಿ ಇರಲಿಲ್ಲ.

ಪರಿವೀಕ್ಷಕರು ಬಂದ ದಿನದ ಪಾಠ, ಪರೀಕ್ಷೆ ಸಿದ್ಧತೆಗೆಂದು ಬಂದಿದ್ದ ಮಾದರಿ ಪ್ರಶ್ನೆಪತ್ರಿಕೆ. ಅದರಲ್ಲಿ ಓದಿ ಉತ್ತರಿಸಲು ಒಂದು ಪುಟ್ಟ ಕಥೆ. ಬರೆದವರ ಹೆಸರಿಲ್ಲ. ಮದುವೆಯಾದ ಮಗಳು ಹೇಳದೆ ಕೇಳದೆ ಗಂಡನನ್ನು ಕರೆದುಕೊಂಡು ಮಟಮಟ ಮಧ್ಯಾಹ್ನ ತವರಿಗೆ ಬರುತ್ತಾಳೆ. ತಾಯಿ ಒಳಗೆ ಹೋಗಿ ಗಡಿಗೆ ನೋಡುತ್ತಾಳೆ. ಹೊರಗೆ ಬಂದು, "ಅಕ್ಕಿ ತುಂಬಿವೆ ಕಣವ್ವ" ಎನ್ನುತ್ತಾಳೆ. ಮಗಳು, "ನಾವು ದಾರೀಲೇ ಉಂಡು ಬಂದ್ವಿ, ಮಜ್ಜಿಗೆ ಇದ್ರೆ ಕೊಡು ಸಾಕು" ಎನ್ನುತ್ತಾಳೆ. ಮೂವರೂ ಮಜ್ಜಿಗೆ ಕುಡಿಯುತ್ತಾರೆ. ಅಷ್ಟೇ ಕಥೆ.

ತಾಯಿಯ ಮನೆ ಹೇಗಿತ್ತು? ಕೀ ಉತ್ತರ: ಧಾನ್ಯಸಮೃದ್ಧವಾಗಿತ್ತು. ಮಗಳು ಏಕೆ ಉಣ್ಣಲಿಲ್ಲ? ಕೀ ಉತ್ತರ: ದಾರಿಯಲ್ಲಿ ಉಂಡು ಬಂದಿದ್ದರಿಂದ.

ಗಟ್ಟಿಯಾಗಿ ಓದುತ್ತಿದ್ದ ಮೇಡಂ 'ತುಂಬಿವೆ' ಎಂಬಲ್ಲಿ ಒಂದು ಗಳಿಗೆ ನಿಂತರು. ತೀರಿಹೋದ ತಂದೆ ಲಾಲ್ ಸಾಬ್ ನೆನಪಾದರು. ಚಳ್ಳಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ, ಜೀವಮಾನದಲ್ಲಿ ಒಂದು ದಿನವೂ 'ಅಂಗಡಿ ಮುಚ್ಚು' ಅಂದವರಲ್ಲ. ಸಂಜೆಯಾದರೆ, "ದುಕಾನ್ ಬಢಾ ದೇ ಬೇಟಾ" ಎನ್ನುವರು. ಅಂಗಡಿ ಬೆಳೆಸು ಎಂದು. ಮುಚ್ಚು ಎಂದು ಬಾಯಿತಪ್ಪಿ ಅಂದರೆ ಮುಚ್ಚಿಯೇ ಹೋದೀತೆಂಬ ಭಯ ವ್ಯಾಪಾರದವರಿಗೆ. ಮೇಡಂ ತಮ್ಮ ಶಾಹಿದ್ ಬೆಳೆಸುತ್ತಿದ್ದ, ಅಂದರೆ ಶಟರ್ ಎಳೆಯುತ್ತಿದ್ದ.

ಹಾಗಾದರೆ ಈ ಗಡಿಗೆ?

ಹಿಂದಿನ ಬೆಂಚಿನಿಂದ ಜಂಬುಲಿಂಗಪ್ಪನವರು ತಲೆಯೆತ್ತಿದರು. ಮೇಡಂ ಗುಟುಕು ನೀರಿನೊಂದಿಗೆ ಅನುಮಾನವನ್ನೂ ನುಂಗಿದರು. "ಬರ್ಕೊಳ್ರಿ. ತಾಯಿಯ ಮನೆ ಧಾನ್ಯಸಮೃದ್ಧವಾಗಿತ್ತು."

ಮಕ್ಕಳು ಬರೆದುಕೊಂಡರು. ಅಕ್ಕಿ ತುಂಬುವುದೆಂದರೇನೆಂದು ಗೊತ್ತಿಲ್ಲದ ಮಗು ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಆದರೆ ಹೊಸ್ತಿಲ ಹೊರಗೆ ಚಪ್ಪಲಿ ಬಿಡುವಾಗ ಕಿವಿಯನ್ನೂ ಅಲ್ಲೇ ಬಿಟ್ಟು ಬರುವುದು ಅವರಿಗೆ ರೂಢಿ. ಮನೆಯ ಮಾತು ಮನೆಯದು, ಪುಸ್ತಕದ ಮಾತು ಮಾರ್ಕ್ಸಿನದು.

ಆಗ ಬಾಗಿಲಲ್ಲಿ ಬಿಸಿಯೂಟದ ಹೊನ್ನಕ್ಕ ಕಾಣಿಸಿಕೊಂಡಳು, ಸೆರಗಿಗೆ ಕೈ ಒರೆಸುತ್ತಾ. ಹೆಡ್ಮಾಸ್ಟರು ಮೀಟಿಂಗಿಗೆ ಹೋಗಿದ್ದರಿಂದ ಅಂದು ಉಗ್ರಾಣವೂ ಮೇಡಂ ತಲೆಗೇ ಬಿದ್ದಿತ್ತು.

"ಮೇಡಮ್ಮಾರೇ, ಅಕ್ಕಿ ತುಂಬ್ಯಾವ್ರಿ."

"ಅಯ್ಯಯ್ಯೋ!" ಎಂದಿತು ಇಡೀ ತರಗತಿ. "ಇವತ್ತು ಊಟ ಇಲ್ವಾ?" ಎಂದು ಚಿರಂಜೀವಿ ಎದ್ದೇ ನಿಂತ.

"ಇವತ್ತಿಗೆ ಐತೆ ಕೂತ್ಕಳೋ ಹೊಟ್ಟೆಬಾಕ. ನಾಳಿಕ್ಕೆ ಹೇಳಿದ್ದು."

ಹಿಂದಿನಿಂದ ಜಂಬುಲಿಂಗಪ್ಪನವರು ತುಂಬು ಮನಸ್ಸಿನಿಂದ ಹರಸಿದರು: "ಛಲೋ ಆತು ಬಿಡವ್ವಾ! ಯಾವಾಗ್ಲೂ ಹಿಂಗ ತುಂಬಿರ್ಲಿ!"

ಹೊನ್ನಕ್ಕ ಬಾಯಿ ತೆರೆದು ಅವರನ್ನೇ ನೋಡಿದಳು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪಾಪ, ಹಾವೇರಿಯವರಿಗೇನು ಗೊತ್ತು? ಈ ಸೀಮೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, ಖಾಲಿಯಾಗುವುದಿಲ್ಲ. ಹಾಗೆ ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ತೆಲುಗಿನಲ್ಲಿ 'ನಿಂಡುಕುನ್ನಾಯಿ', ಕನ್ನಡದಲ್ಲಿ 'ತುಂಬ್ಯಾವೆ'. ಗಡಿಗೆ ಬರಿದಾದಷ್ಟೂ ಮಾತು ತುಂಬಿಕೊಳ್ಳುತ್ತದೆ.

ನಗು ಇನ್ನೂ ಇಳಿದಿರಲಿಲ್ಲ. ಮುಂದಿನ ಬೆಂಚಿನ ನಾಗರತ್ನ, ಮಾತೇ ಆಡದ ಹುಡುಗಿ, ಪ್ರಶ್ನೆಪತ್ರಿಕೆಯ ಮೇಲೆ ಬೆರಳಿಟ್ಟು ಕೂತಿದ್ದಳು.

"ಮೇಡಂ... ಹಂಗಾದ್ರೆ ಈ ಅವ್ವನ ಮನೇಲೂ ಅಕ್ಕಿ ಇರ್ಲಿಲ್ವಾ?"

ಹಾಳೆಗಳು ಸರಬರ ತಿರುಗಿದವು. ಯಾರೂ ಹೇಳದೆ ಮಕ್ಕಳು ಅದೇ ಹತ್ತು ಸಾಲನ್ನು ಮತ್ತೆ ಓದುತ್ತಿದ್ದರು.

"ಮತ್ತೆ ತುಂಬಿವೆ ಅಂತ ಯಾಕಂದ್ಲು? ಮಗಳಿಗೆ ಗೊತ್ತಾಗ್ಬಾರ್ದು ಅಂತಾನಾ?" ಎಂದ ಚಿರಂಜೀವಿ.

"ಮಗಳಿಗೆ ಗೊತ್ತಾಗಲ್ವೇನಲೇ? ಅದೇ ಮನೇಲಿ ಹುಟ್ಟಿದೋಳು," ಎಂದಳು ನಾಗರತ್ನ. ಅವಳು ಒಬ್ಬರಿಗೆ ತಿರುಗಿ ಉತ್ತರ ಕೊಟ್ಟದ್ದು ಅಂದೇ ಮೊದಲು. "ಗೊತ್ತಾಗ್ಬಾರ್ದು ಅಂದಿದ್ದು ಅಳಿಯಂಗೆ. ಅವ್ನು ಬ್ಯಾರೆ ಕಡೆಯೋನು ಇರ್ಬೇಕು. ಆ ಸಾರ್ ತರ."

"ಲೇ ಹಂಗಾದ್ರೆ..." ಚಿರಂಜೀವಿಯ ಬಾಯಿ ಅರ್ಧಕ್ಕೆ ನಿಂತಿತು. "ಅವ್ರು ದಾರೀಲಿ ಉಂಡೇ ಇಲ್ಲ! ಸುಳ್ಳು ಹೇಳ್ತಾಳೆ ಮೇಡಂ ಅವ್ಳು! ಹಸ್ಕೊಂಡು ಮಜ್ಜಿಗೆ ಕುಡ್ದು ಹೋದ್ಲು!"

"ಅವ್ವಂಗೂ ಗೊತ್ತು ಅದು," ಎಂದಳು ನಾಗರತ್ನ ಮೆಲ್ಲಗೆ. "ಗೊತ್ತಿದ್ದೂ ಮಜ್ಜಿಗೆ ಕೊಟ್ಲು."

ಮೆಹಜಬೀನ್ ಮೇಡಂ ಮೇಜು ಹಿಡಿದುಕೊಂಡು ನಿಂತಿದ್ದರು. ಇಷ್ಟು ವರ್ಷ ಇದಕ್ಕಾಗಿಯೇ ಗಂಟಲು ಹರಿದುಕೊಂಡದ್ದು. ಬಂತು. ಬರಬಾರದ ದಿನ ನೋಡಿಕೊಂಡು ಬಂತು. ಹೇಳಿ ಕಳಿಸಿದಾಗ ಬಾರದೆ, ಕದ ಹಾಕುವ ಹೊತ್ತಿಗೆ ಬರುವ ಗಿರಾಕಿಯ ಹಾಗೆ.

"ಮೇಡಂ, ಪರೀಕ್ಷೇಲಿ ಯಾವ್ದು ಬರೀಲಿ?" ಎಂದಳು ನಾಗರತ್ನ.

ಪೆನ್ನುಗಳೆಲ್ಲ ಮೇಲೆದ್ದು ಕಾದವು. ಹಿಂದಿನ ಬೆಂಚಿನಲ್ಲಿ ಪರಿವೀಕ್ಷಕರ ಪೆನ್ನೂ ಕಾಯುತ್ತಿತ್ತು. ಕೀ ಉತ್ತರ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಸಮೃದ್ಧಿ ಎಂಬ ಒಂದು ಮಾತು ಸಾಕು. ನಾಳೆಯಿಂದ ಬಸ್ಸಿಲ್ಲ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಬೇಕಿಲ್ಲ. ಮಕ್ಕಳೂ ಬೇಸರ ಮಾಡಿಕೊಳ್ಳುವುದಿಲ್ಲ. ಕಿವಿಯನ್ನು ಮತ್ತೆ ಹೊಸ್ತಿಲಾಚೆ ಇಟ್ಟು ಬರುತ್ತಾರೆ, ಅವರಿಗೇನು ಹೊಸದೇ?

ಮೇಡಂ ಕಣ್ಣು ಮುಚ್ಚಿ ತೆರೆದರು.

"ಅಕ್ಕಿ ಇರಲಿಲ್ಲ ಅಂತ ಬರೀರಿ," ಎಂದರು. ಗೆದ್ದವರ ದನಿಯಲ್ಲ, ಸೋತವರ ದನಿಯೂ ಅಲ್ಲ, ಮೂಟೆ ಇಳಿಸಿದವರದು. "ಮಗಳು ಉಣ್ಣದೇ ಹೋದಳು ಅಂತ ಬರೀರಿ. ಯಾಕೆ ಅಂತಾನೂ ಬರೀರಿ. ಮಾರ್ಕ್ಸ್ ಹೋದ್ರೆ ಹೋಗ್ಲಿ."

"ಎಲ್ಡೇ ಮಾರ್ಕ್ಸು ಬಿಡ್ರಿ ಮೇಡಂ," ಎಂದು ಚಿರಂಜೀವಿ ಸಮಾಧಾನ ಹೇಳಿದ.

ಊಟದ ಹೊತ್ತಿಗೆ ಪರಿವೀಕ್ಷಕರು ಹೊರಟರು. ಗೇಟಿನವರೆಗೆ ಬಿಡಲು ಬಂದ ಮೇಡಂ ಕೇಳಲೋ ಬೇಡವೋ ಎಂದು ನಿಂತಿದ್ದಾಗ ಅವರೇ ಹೆಲ್ಮೆಟ್ ಬಿಗಿಯುತ್ತಾ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಭಾಳ ಛಲೋ ಕಲಸ್ತೀರಿ ಮೇಡಂ. ನಾನೂ ಇವತ್ತು ಒಂದು ಮಾತು ಕಲ್ತೆ. ನಿಮ್ಮಂಥವರು ಸಾಲ್ಯಾಗ ಇರಬೇಕ್ರಿ. ಆಫೀಸಿನ್ಯಾಗ ಕುಂತ್ರ ನಿಮ್ಮ ವಿದ್ಯಾ ಹಾಳಾಗ್ತೇತಿ."

ಬೈಕು ಧೂಳೆಬ್ಬಿಸಿ ಹೋಯಿತು. ಮೇಡಂ ಆ ಹೊಗಳಿಕೆಯ ತಳದವರೆಗೆ ಕೈ ಇಳಿಸಿ ನೋಡಿದರು. ಕುರ್ಚಿಯೂ ಸಿಗಲಿಲ್ಲ, ಫ್ಯಾನೂ ಸಿಗಲಿಲ್ಲ. ಬರೀ ಸಿಪ್ಪೆ. ಮುಖ ಸಿಂಡರಿಸಬೇಕೆನಿಸಿತು; ಅದಕ್ಕೂ ಬೇರೆ ಅರ್ಥ ಹಚ್ಚಿಯಾರೆಂದು ಸುಮ್ಮನಾದರು. ಒಳಗೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಿದ್ದರು. ಸಾಲಿನಲ್ಲೂ ಜಗಳ ಅದೇ: ಆ ಅಳಿಯನಿಗೆ ಕೊನೆಗಾದರೂ ಗೊತ್ತಾಯಿತೋ ಇಲ್ಲವೋ?

ಎರಡು ಬಸ್ಸು ಹತ್ತಿಳಿದು ಮೇಡಂ ಚಳ್ಳಕೆರೆ ಸೇರುವಾಗ ಮುಸ್ಸಂಜೆ. ತಂದೆಯ ಅಂಗಡಿಯಲ್ಲಿ ಶಾಹಿದ್ ಹೊರಗಿಟ್ಟಿದ್ದ ಪಂಪುಗಳನ್ನು ಒಳಗೆ ಎಳೆಯುತ್ತಿದ್ದ. ಅಕ್ಕನನ್ನು ಕಂಡು ಸ್ಟೂಲು ಒರೆಸಿ ಕೊಟ್ಟ.

"ಆಪಾ, ಆಫೀಸಿನ ಕೆಲ್ಸ ಏನಾಯ್ತು? ಸಾಹೇಬ್ರು ಬಂದಿದ್ರಂತೆ?"

ಮೇಡಂ ಚಪ್ಪಲಿ ಬಿಟ್ಟು, ಕಾಲು ನೀಡಿ, ಗೋಡೆಗೆ ಒರಗಿದರು.

"ಬಢಾ ದಿಯೇ," ಎಂದರು, ತಂದೆಯದೇ ಧಾಟಿಯಲ್ಲಿ. ಬೆಳೆಸಿದರು ಎಂದು.

ಶಾಹಿದ್ ಒಂದು ಗಳಿಗೆ ಅಕ್ಕನ ಮುಖ ನೋಡಿದ. ಅವನೂ ಅದೇ ಮನೆಯಲ್ಲಿ ಹುಟ್ಟಿದವನು. ಮತ್ತೇನೂ ಕೇಳದೆ, ಎದುರಿನ ಹೋಟೆಲಿಗೆ ಕೂಗಿ ಎರಡು ಚಹಾ ಹೇಳಿ, ಶಟರನ್ನು ಅರ್ಧಕ್ಕೆ ಎಳೆದ.