ಕಳಸದ ಅಕ್ಕ ಕೇಳದ ಹಾಡು

ಬರೆದು ಅಭ್ಯಾಸವಿಲ್ಲ, ಹೇಳುವುದು ಹಿಂದುಮುಂದಾದರೆ ಕ್ಷಮಿಸಿ. ನಾನು ಸರ್ಕಾರಿ ರೇಡಿಯೋ ಕೇಂದ್ರದಲ್ಲಿ ಕೋರಿಕೆ ಕಾರ್ಯಕ್ರಮ ನೋಡಿಕೊಳ್ಳುವವನು. ಕೋರಿಕೆ ಎಂದರೆ, ಯಾರಿಗಾಗಿ ಹಾಡು ಬೇಕೋ ಅವರ ಹೆಸರು ಹೇಳಿ ಹಾಡು ಹಾಕುವುದು. ಈಚೆಗೆ ಅದನ್ನು ರೇಡಿಯೋದಿಂದ ತೆಗೆದು ಮೊಬೈಲಿನ ಆ್ಯಪಿಗೆ ಮಾತ್ರ ಹಾಕುತ್ತಿದ್ದೇವೆ.

ಕೊಟ್ಟಿಗೆಹಾರದಲ್ಲಿ ಹೋಟೆಲ್ ನಡೆಸುವ ಗಿರಿಜಮ್ಮನವರು, ಜಗಳವಾಗಿ ಮಾತು ಬಿಟ್ಟಿದ್ದ ಕಳಸದ ಅಕ್ಕನಿಗಾಗಿ ಒಂದು ಹಾಡು ಕೇಳಿದ್ದರು. "ತಪ್ಪು ನನ್ನದೇ ಅಕ್ಕ" ಎಂದು ಅವರು ವಾಟ್ಸಾಪಿನಲ್ಲಿ ಕಳಿಸಿದ ದನಿಯನ್ನೂ ಸೇರಿಸಿ ಹಾಕಿದೆವು. ಮೊನ್ನೆ ಆ ಕಡೆ ಹೋದಾಗ, ಎಲ್ಲೆಲ್ಲಿಂದ ಕೇಳಿದ್ದಾರೆಂದು ನನ್ನ ಫೋನಿನಲ್ಲಿ ಖುಷಿಯಿಂದ ತೋರಿಸಿದೆ.

"ನೋಡಿ ಗಿರಿಜಮ್ಮ, ದುಬೈಯಿಂದಲೂ ಕೇಳಿದ್ದಾರೆ."

"ಅಕ್ಕ ಕೇಳಿದ್ಲಾ?"

"ಅವರ ಹತ್ತಿರ ಇಂಥ ಫೋನ್ ಇದೆಯಾ?"

"ಎಲ್ಲಿಂದ ಮಾರಾಯ್ರೇ? ಇರೋ ಫೋನಿಗೆ ನಾನು ಮಾಡಿದ್ರೆ ಇಟ್ಟುಬಿಡ್ತಾಳೆ. ರೇಡಿಯೋ ಮಾತ್ರ ಆರಿಸೋದಿಲ್ಲ, ಅದಕ್ಕೇ ನಿಮಗೆ ಹೇಳಿದ್ದು. ಈಗ ನನ್ನ ತಪ್ಪು ದುಬೈಯವ್ರಿಗೆಲ್ಲ ಗೊತ್ತಾಯ್ತು, ಅವಳೊಬ್ಬಳನ್ನು ಬಿಟ್ಟು."

ಅವರು ತಂದಿಟ್ಟ ಕಾಫಿ ಹಾಗೇ ಆರಿತು.

ಹೊಸದು ಬೇಡ ಅಂತಲ್ಲ. ಮೊಬೈಲಿನಲ್ಲಿ ಬಂದ ದನಿಯನ್ನೇ ರೇಡಿಯೋದಲ್ಲೂ ಹಾಕಬಹುದಿತ್ತು. ಹೇಗೆಂದರೆ, ಮೊದಲು ಅದನ್ನು... ತಡೀರಿ, ಸಾಹೇಬರು ಕರೆಯುತ್ತಿದ್ದಾರೆ. ಮೊಬೈಲಿಗೆ ಮುಂದಿನ ಕೋರಿಕೆ ಹಾಕಬೇಕಂತೆ.