ದೀಪ ಹಚ್ಚುವ ಹೊತ್ತಿನ ದವನ

ಆ ಸಂಜೆ ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಮೂವರಿದ್ದೆವು. ಅತ್ತೆ ಕಂಬಕ್ಕೆ ಒರಗಿ ಮೊರದಲ್ಲಿ ಬೇಳೆ ಆರಿಸುತ್ತಿದ್ದರು. ನನ್ನ ಮನೆಯವರ ಮೊದಲ ಹೆಂಡತಿಯ ಮಗಳು, ಇನ್ನೂ ಹಾಲುಹಲ್ಲು ಬೀಳದ ಕೂಸು, ಗೋಡೆಯ ಪಕ್ಕ ಕೌದಿಯ ಮೇಲೆ ಮಲಗಿತ್ತು. ಎರಡನೆಯವಳಾಗಿ ಆ ಮನೆಗೆ ಬಂದ ನಾನು ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದೆ. ಬತ್ತಿ ಹತ್ತಿಕೊಳ್ಳುವಷ್ಟರಲ್ಲಿ ಗಮ್ಮೆಂದು ದವನದ ವಾಸನೆ ಬಂತು. ಅತ್ತೆಯ ಕೈ ಮೊರದಲ್ಲೇ ನಿಂತಿತು.

"ಬಂದಾಳ ನೋಡು, ಹಿರೇಕಿ," ಅಂದರು. "ಹೊಳ್ಳಿ ನೋಡಬ್ಯಾಡ. ಬಿಲ್ಲೆಗೆ ಕುಂಕುಮ ಹಚ್ಚು."

ಎರಡನೆಯವಳಾಗಿ ಬಂದವಳ ಕೊರಳಿಗೆ ತೀರಿಕೊಂಡ ಸವತಿಯ ಹೆಸರಿನಲ್ಲಿ ಒಂದು ಬೆಳ್ಳಿಯ ಬಿಲ್ಲೆ ಕಟ್ಟುತ್ತಿದ್ದರು. ಹೊಸ ಸೀರೆ ಉಟ್ಟರೆ ಮೊದಲು ಸೆರಗನ್ನು ಅದಕ್ಕೆ ಮುಟ್ಟಿಸಬೇಕು, ಹೂ ಮುಡಿದರೆ ಮೊದಲ ಎಸಳು ಅದಕ್ಕೆ. ನಾನು ಎಲ್ಲವನ್ನೂ ಮಾಡುತ್ತಿದ್ದೆ. ಆದರೂ ವಾಸನೆ ಬರುತ್ತಿತ್ತು. ಮನೆಯಲ್ಲಿ ಒಂದು ಎಳೆ ದವನ ಇರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಹಿರಿಯಳು ಬೆಳೆಸಿದ್ದ ದವನದ ಮಡಿಯನ್ನು ಅವಳು ಹೋದ ದಿನವೇ ಅತ್ತೆ ಬೇರುಸಹಿತ ಕಿತ್ತಿದ್ದರಂತೆ.

ನನಗೆ ಮಾತನ್ನೂ ಗಿಡವನ್ನೂ ಕಲಿಸಿದವಳು ಹೊಸಪೇಟೆಯ ನಮ್ಮಜ್ಜಿ. ಬಾಳೆತೋಟದ ಅಂಚಿಗೆ ಅವಳದೊಂದು ದವನದ ಮಡಿ. ಬೀಜವೆಂದರೆ ದೂಳು, ಕೆಮ್ಮಿದರೆ ಹಾರಿಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಣ್ಣು ಬಿಟ್ಟ ಮೇಲೆ ಮರಳಿನಲ್ಲಿ ಕಲಸಿ ಚಳಿಗಾಲದ ಬಾಯಿಗೆ ಚೆಲ್ಲುತ್ತಿದ್ದಳು. ಬೂದಿ ಬಳಿದಂಥ ಆ ಎಲೆಗಳು ಮಡಿಯಲ್ಲಿದ್ದಾಗ ಸುಮ್ಮನಿರುತ್ತವೆ. ಕಿತ್ತು ನೆರಳಿಗೆ ಒಣಹಾಕಿದರೆ ದಿನದಿಂದ ದಿನಕ್ಕೆ ಏರುತ್ತವೆ. ಮಲ್ಲಿಗೆಯ ನಡುವೆ ಒಂದು ಕಡ್ಡಿ, ಸೀರೆಯ ಪೆಟ್ಟಿಗೆಯಲ್ಲಿ ಒಂದು ಹಿಡಿ, ತಲೆನೋವಿಗೆ ಮೂಗಿನ ಬಳಿ ಒಂದಿಷ್ಟು, ಚೈತ್ರದಲ್ಲಿ ಹಂಪಿಯ ದೇವರಿಗೆ ಒಂದು ಬುಟ್ಟಿ. "ದವನ ಸತ್ತಮ್ಯಾಲೆ ಮಾತಾಡೋ ಗಿಡ, ಯವ್ವಾ," ಅನ್ನುತ್ತಿದ್ದಳು. ಹೊಸಪೇಟೆಯಲ್ಲಿ ಕೇಳುವಾಗ ಚಂದದ ಮಾತು. ಕಂಪ್ಲಿಯಲ್ಲಿ ದೀಪ ಹಚ್ಚುವಾಗ ಅದೇ ಮಾತು ನೆನಪಾದರೆ ಬೆನ್ನು ತಣ್ಣಗಾಗುತ್ತಿತ್ತು.

ನನ್ನ ಹೆದರಿಕೆ ನನಗೊಬ್ಬಳಿಗೆ ಸಂಬಂಧಿಸಿದ್ದಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಕೂಸು ನನ್ನ ಕೈಯ ತುತ್ತು ತಿನ್ನುತ್ತಿರಲಿಲ್ಲ. ತಟ್ಟೆ ಹಿಡಿದು ಹೋದರೆ ಕೌದಿಯೊಳಗೆ ಮುಖ ಮುಚ್ಚಿಕೊಳ್ಳುತ್ತಿತ್ತು. ಅತ್ತೆ ಬೈದು ತಿನಿಸಿದರೆ ಎರಡು ತುತ್ತು, ಅಷ್ಟೇ. ತೋಳು ಕಡ್ಡಿಯಾಗಿದ್ದವು. ಗಾದಿಗನೂರಿನಿಂದ ಕೂಸಿನ ಸೋದರಮಾವ ಬಂದು ನೋಡಿ, ಯುಗಾದಿ ಕಳೆಯಲಿ, ಆಮೇಲೂ ಹೀಗೇ ಇದ್ದರೆ ಕೂಸನ್ನು ಕರೆದೊಯ್ಯುತ್ತೇನೆ ಅಂದುಹೋಗಿದ್ದ. ಅಂದಿನಿಂದ ಮನೆಯವರು ಬಂಡಿ ಬಿಟ್ಟು ಒಳಗೆ ಬರುತ್ತಲೇ ಮಗಳು ಎಲ್ಲಿದ್ದಾಳೆಂದು ಕಣ್ಣಿನಲ್ಲೇ ಹುಡುಕುತ್ತಿದ್ದರು.

ಹಬ್ಬಕ್ಕೆ ಮುಂಚೆ ಮನೆಯ ಕೌದಿಗಳೆಲ್ಲ ಹೊಳೆಗೆ ಹೋಗಬೇಕು. ಅತ್ತೆ ಗಂಟು ಕಟ್ಟಿಕೊಡುತ್ತಾ, ಕೂಸು ಮಲಗುವ ಕೌದಿಯನ್ನು ಮಾತ್ರ ಕಾಲಿನಿಂದ ನನ್ನ ಕಡೆ ಸರಿಸಿದರು. ಹಿರಿಯಳು ಕೊನೆಯ ಬೇನೆಯಲ್ಲಿ ಮಲಗಿದಲ್ಲೇ ಹೊಲಿದದ್ದಂತೆ ಅದು. ಅತ್ತೆ ಅದನ್ನು ಕೈಯಿಂದ ಮುಟ್ಟಿದ್ದನ್ನು ನಾನು ಕಂಡಿಲ್ಲ. "ಇದನ್ನ ತೊಳದು ತರಬ್ಯಾಡ. ಹೊಳಿಗೆ ಬಿಟ್ಟು ಬಾ. ಆಕಿ ಹಾಸಿಗಿ ಹೋದ್ರ ಆಕೀನೂ ಹೋಗ್ತಾಳ," ಅಂದರು.

ಹೊಳೆಯ ದಂಡೆಯಲ್ಲಿ ಹೆಂಗಸರು ಸವಳುಮಣ್ಣು ಹಾಕಿ ಕೌದಿ ತುಳಿಯುತ್ತಿದ್ದರು. ನಾನು ಅವರಿಂದ ದೂರ ಸರಿದು, ಆ ಕೌದಿಯ ಒಂದು ಮೂಲೆಯನ್ನು ನೀರಿಗೆ ಬಿಟ್ಟೆ. ಒದ್ದೆಯಾದದ್ದೇ ತಡ, ದವನದ ವಾಸನೆ ಎದ್ದು ಮುಖಕ್ಕೆ ಬಡಿಯಿತು. ನಡುಹಗಲು, ಮೇಲೆ ಬಿಸಿಲು. ಕೈ ಬಿಡಬೇಕೆನ್ನುವಷ್ಟರಲ್ಲಿ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದರು. ಕೂಸು. ಬರಿಗಾಲಲ್ಲಿ ಹಿಂದೆಯೇ ಓಡಿಬಂದಿತ್ತು. ನಾನು ಆ ಮನೆಗೆ ಬಂದ ಮೇಲೆ ಅದು ನನ್ನೊಡನೆ ಆಡಿದ ಮೊದಲ ಮಾತು ಅದೇ:

"ಚಿಗವ್ವಾ, ಅವ್ವನ್ನ ತೊಳಿಬ್ಯಾಡ."

ಕೌದಿಯನ್ನು ಮೇಲಕ್ಕೆಳೆದು ಬಂಡೆಯ ಮೇಲೆ ಹರವಿ, ಹೊಲಿಗೆಗುಂಟ ಬೆರಳಾಡಿಸಿದೆ. ಅಂಚಿನ ಉದ್ದಕ್ಕೂ ಏನೋ ಪುಡಿಪುಡಿ. ಒಂದೆಡೆ ದಾರ ಬಿಚ್ಚಿದರೆ ಒಣದವನದ ಕಡ್ಡಿಗಳು ಅಂಗೈಗೆ ಉದುರಿದವು. ತಾನು ಹೋಗುವುದು ಗೊತ್ತಿದ್ದ ತಾಯಿ, ಮಗಳ ಮೈಯ ಬಿಸಿಗೆ ತನ್ನ ಮುಡಿಯ ವಾಸನೆ ಏಳಲೆಂದು, ಹಳೆಯ ಸೀರೆಗಳ ಪದರಿನ ನಡುವೆ ತನ್ನ ಮಡಿಯನ್ನೇ ಹೊಲಿದಿಟ್ಟಿದ್ದಳು.

ಕೌದಿಯನ್ನು ಹೊತ್ತು ವಾಪಸು ಬಂದೆ. ಅತ್ತೆ ಬಾಗಿಲಲ್ಲೇ ತಡೆದರು. ಸವತಿಯ ಹಾಸಿಗೆ ತಲೆಯ ಮೇಲೆ ಹೊತ್ತು ತರುವ ಸೊಸೆಯನ್ನು ಏಳೂರಲ್ಲಿ ಕಂಡಿಲ್ಲ ಅಂದರು. ನಾನು ಕಡ್ಡಿಗಳನ್ನು ಅವರ ಮುಂದೆ ಹಿಡಿದೆ. ಒಂದನ್ನು ಎತ್ತಿ ಮೂಸಿದರು. ಆಮೇಲೆ ಕೌದಿಯನ್ನು ತಾವೇ ಇಳಿಸಿಕೊಂಡು ಹಗ್ಗದ ಮೇಲೆ ಹಾಕಿದರು.

ಹೊಸಪೇಟೆಯ ಅಜ್ಜಿಗೆ ಹೇಳಿಕಳಿಸಿ ಆ ವರ್ಷದ ಒಣದವನ ತರಿಸಿದೆ. ಬಿಚ್ಚಿದ ಅಂಚಿಗೆ ಅದನ್ನು ತುಂಬಿ ಹೊಲಿಯುತ್ತಾ ಕುಳಿತಾಗ ಕೂಸು ಪಕ್ಕದಲ್ಲಿ ಕಡ್ಡಿ ಆರಿಸಿಕೊಡುತ್ತಿತ್ತು. ನನ್ನ ತಟ್ಟೆಯಲ್ಲಿ ಮೊಸರನ್ನವಿತ್ತು. ಒಂದು ತುತ್ತು ಎತ್ತಿ ಹಿಡಿದೆ. ಕಡ್ಡಿಯಿಂದ ಕಣ್ಣು ತೆಗೆಯದೆ ಬಾಯಿ ತೆರೆಯಿತು. ಸೋದರಮಾವ ಯುಗಾದಿಗೆ ಬಂದವನು ಹೋಳಿಗೆ ಉಂಡು ಒಬ್ಬನೇ ಹೋದ.

ಚಳಿಗಾಲಕ್ಕೆ ಬಚ್ಚಲ ಹಿಂದೆ ಮತ್ತೆ ಮಡಿ ಮಾಡಿದೆ. ಅತ್ತೆ ಬೇಡವೆನ್ನಲಿಲ್ಲ. ಕಿತ್ತು ನೆರಳಿಗೆ ಹಾಕಿದ ದವನ ಮೊದಲ ಸಲ ಗಮಗುಟ್ಟಿದ ದಿನ ಮಾತ್ರ ಹಿತ್ತಲಿನಲ್ಲಿ ನಿಂತು, "ಇನ್ನ ಆಕಿ ಬಂದ್ರೂ ನಮಗ ಗೊತ್ತಾಗಂಗಿಲ್ಲಲ್ಲ," ಅಂದರು. ಇಷ್ಟು ದಿನ ಹೆದರಿಕೆ ಎಂದುಕೊಂಡಿದ್ದು ಅವರ ದಾರಿ ಕಾಯುವಿಕೆಯಾಗಿತ್ತೆಂದು ನನಗೆ ಆಗ ತಿಳಿಯಿತು.

ವರ್ಷಗಳು ಕಳೆದ ಮೇಲೆ ಮಗಳನ್ನು ಸಂಡೂರಿಗೆ ಕೊಟ್ಟೆವು. ನಾವು ಮದ್ರಾಸ್ ಸೀಮೆಯವರು, ಅದು ರಾಜರ ಸೀಮೆ. ಬಂಡಿಯಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋದಳು. ಆ ವರ್ಷ ನಾನು ದವನ ಚೆಲ್ಲಲಿಲ್ಲ, ಮಡಿ ಬರಿದಾಗಿತ್ತು, ಮನೆಯಲ್ಲೂ ಒಂದು ಎಳೆ ಇರಲಿಲ್ಲ. ಚೈತ್ರದ ಒಂದು ಸಂಜೆ ದೀಪಕ್ಕೆ ಬತ್ತಿ ಹಾಕುತ್ತಿದ್ದಾಗ ಪಡಸಾಲೆಯಲ್ಲಿ ಗಮ್ಮೆಂದು ವಾಸನೆ ಬಂತು. ಕಣ್ಣು ಮಂಜಾಗಿದ್ದ ಅತ್ತೆ ಯಾರೂ ಇಲ್ಲದ ಬಾಗಿಲ ಕಡೆ ಮುಖ ತಿರುಗಿಸಿದರು.

"ಬಾ ಯವ್ವಾ, ಕುಂದ್ರು," ಅಂದರು.

ನಾನು ಎದ್ದು ಒಂದು ಮಣೆ ಹಾಕಿದೆ.