ಕಪ್ಪು ಬಟ್ಟೆಯ ದಿನಗಳು

ನಮ್ಮಕ್ಕ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಾಳೆ. ಬೀದಿಯವರೆಲ್ಲ ಅವಳನ್ನು ಕರೆಯುವುದು ಕತ್ತರಿಯಮ್ಮ ಅಂತ. ಆ ಹೆಸರು ಕೈಯಲ್ಲಿರುವ ಕತ್ತರಿಯಿಂದ ಬಂತೋ ಬಾಯಿಯಿಂದ ಬಂತೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ಅಂಗಡಿ ಅಂದರೆ ಒಂದೇ ಕೋಣೆ. ಕಿಟಕಿಯ ಪಕ್ಕ ಅವಳ ಮೆಷಿನ್, ನಡುವೆ ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಬಳಿ ಸ್ಟೂಲಿನ ಮೇಲೆ ನಾನು. ಗುಂಡಿ ಹಚ್ಚುವುದು, ಅಂಚು ಮಡಿಚಿ ಹೆಮ್ಮಿಂಗ್ ಮಾಡುವುದು ನನ್ನ ಪಾಲು. ಅವಳಿಗಿಂತ ಮೂರು ವರ್ಷ ಚಿಕ್ಕವಳಾದ್ದರಿಂದ ಐವತ್ತು ದಾಟಿದರೂ ಬೈಸಿಕೊಳ್ಳುವ ಸರದಿ ನನ್ನದೇ.

ಅಕ್ಕನಿಗೆ ಒಂದು ಜಂಬ. ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತೇನೆ ಅಂತ ಬಂದವರಿಗೆಲ್ಲ ಹೇಳುತ್ತಾಳೆ. ಪೋಣಿಸುತ್ತಿದ್ದದ್ದು ನಿಜ. ಆದರೆ ಒಂದು ವರ್ಷದಿಂದ, "ನನ್ನ ಕೈಯಲ್ಲಿ ಚಾಕ್ ಇದೆ, ನೀನೇ ಪೋಣಿಸಿಕೊಡೇ" ಅನ್ನುವುದು ಶುರುವಾಗಿತ್ತು. ಚಾಕ್ ಇಲ್ಲದಾಗಲೂ ಅದೇ ಮಾತು. ನಾನು ಕಂಡೂ ಕಾಣದ ಹಾಗೆ ಇದ್ದೆ. ನಾನೂ ಬಾಗಿಲ ಬೆಳಕಿಗೆ ಹಿಡಿದು ನಾಲ್ಕು ಸಲ ಗುರಿಯಿಟ್ಟೇ ಪೋಣಿಸುತ್ತಿದ್ದೆ, ಅದು ಬೇರೆ ಮಾತು.

ಆಮೇಲೆ ಅವಳಿಗೆ ತಲೆನೋವು ಹತ್ತಿಕೊಂಡಿತು. ಕೆಲವು ದಿನ ಸುಮ್ಮನಿರುತ್ತದೆ, ಕೆಲವು ದಿನ ಮೇಜಿಗೆ ಹಣೆ ಒತ್ತಿ ಕೂರುವಷ್ಟು ಜೋರು. ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ.

"ಯಾವಾಗ ಬರುತ್ತೆ ನೋವು?"

"ಬಂದಾಗ ಬರುತ್ತೆ."

"ಕಣ್ಣು ಹೇಗಿದೆ?"

"ಕಣ್ಣಿಗೇನಾಗಿದೆ? ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸ್ತೀನಿ."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಹಾಗಾದ್ರೆ ಒಂದು ತಿಂಗಳು ದಿನಾ ಬರೆದಿಡಿ. ಫೋನಲ್ಲಿ ಅದಕ್ಕೆ ಅಂತಾನೇ ಆ್ಯಪ್‌ಗಳಿವೆ. ಅದರಲ್ಲೂ ಕಾರಣ ಗೊತ್ತಾಗದಿದ್ರೆ ತಲೆ ಸ್ಕ್ಯಾನ್ ಮಾಡಿಸೋಣ. ಆಗ ಸ್ವಲ್ಪ ಕಾಲ ಮೆಷಿನ್ ಬಿಡಬೇಕಾಗುತ್ತೆ."

ದಾರಿಯುದ್ದಕ್ಕೂ ಅಕ್ಕ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಅವಳು ಬೈದರೆ ನನಗೆ ಭಯವಿಲ್ಲ, ಬೈಯದಿದ್ದರೇ ಭಯ. ಮೆಷಿನ್ ಬಿಟ್ಟ ಅಕ್ಕನನ್ನು ಊಹಿಸಿಕೊಳ್ಳುವುದಕ್ಕೂ ನನ್ನಿಂದಾಗಲಿಲ್ಲ.

ಮೊದಲು ಅವಳು ಅಳತೆ ಪುಸ್ತಕದಲ್ಲೇ ಬರೆದಳು. ಎರಡನೇ ದಿನ ಗಿರಾಕಿಯೊಬ್ಬರು ತಮ್ಮ ಅಳತೆ ಓದಿಕೊಂಡು ಕಂಗಾಲಾದರು: ಸೊಂಟ ಮೂವತ್ತಾರು, ತೋಳು ಇಪ್ಪತ್ತಮೂರು, ತಲೆನೋವು ಜೋರು. ಅವತ್ತೇ ಫೋನು ಕೈಗೆತ್ತಿಕೊಂಡೆವು.

"ಬಟ್ಟೆ ಆದ್ರೇನು ಆ್ಯಪ್ ಆದ್ರೇನು, ಹಾಕ್ಕೊಂಡು ನೋಡದೆ ಹೇಳೋಕಾಗಲ್ಲ. ಟ್ರಯಲ್ ನೋಡೋಣ" ಅಂದಳು ಅಕ್ಕ.

ಮೊದಲನೆಯದು ಗಂಟೆಗೊಂದು ಸಲ ಟಣ್ಣೆಂದು "ನೀರು ಕುಡಿದಿರಾ?" ಅಂತ ಕೇಳುತ್ತಿತ್ತು. "ನಮ್ಮತ್ತೆ ಕೂಡ ನನ್ನ ಇಷ್ಟು ವಿಚಾರಿಸಿಕೊಂಡಿರಲಿಲ್ಲ" ಅಂತ ಮಧ್ಯಾಹ್ನದೊಳಗೆ ಅದನ್ನು ತೆಗೆಸಿದಳು. ಎರಡನೆಯದು ಬಾಗಿಲಲ್ಲೇ ನಿಂತು ಫೋನಿನಲ್ಲಿರುವ ನಂಬರುಗಳನ್ನೆಲ್ಲ ಕೇಳಿತು. "ತಲೆ ನೋಯೋದು ನನಗೆ. ಗಿರಾಕಿಗಳ ನಂಬರ್ ಇದಕ್ಕ್ಯಾಕೆ?" ಅದೂ ಹೋಯಿತು. ಮೂರನೆಯದರಲ್ಲಿ ಐದು ಹಳದಿ ಮುಖಗಳು, ಇವತ್ತು ನಿಮ್ಮದು ಯಾವುದು ಅಂತ ಪ್ರಶ್ನೆ. ಅಕ್ಕ ಬಹಳ ಹೊತ್ತು ನೋಡಿ, "ನನ್ನ ಮುಖ ಇದರಲ್ಲಿಲ್ಲ" ಅಂದಳು. ಅಷ್ಟಕ್ಕೇ ಬಿಡದೆ ನಾನು ತಲೆನೋವು ಅಂತ ಒತ್ತಿದ್ದೇ ತಪ್ಪಾಯಿತು. ಹನ್ನೆರಡು ಕಾಯಿಲೆಗಳ ಪಟ್ಟಿ ಬಂತು, ಒಂದಕ್ಕಿಂತ ಒಂದು ಘೋರ. ಆ ಸಂಜೆ ಇಬ್ಬರಿಗೂ ಊಟ ಸೇರಲಿಲ್ಲ.

ನಾಲ್ಕನೆಯದು ಸಾದಾ ಸೀದಾ. ತಾರೀಕು, ಸೊನ್ನೆಯಿಂದ ಹತ್ತರವರೆಗೆ ನೋವು, ನುಂಗಿದ ಮಾತ್ರೆ, ಕೆಳಗೆ ಏನು ಬೇಕಾದರೂ ಬರೆಯಲು ಒಂದು ಖಾಲಿ ಚೌಕ. ಬರೆದದ್ದು ಫೋನಿನಲ್ಲೇ ಉಳಿಯುತ್ತದೆ, ಇಡೀ ತಿಂಗಳು ಒಂದೇ ಪುಟದಲ್ಲಿ ಕಾಣುತ್ತದೆ, ಬೇಕಾದರೆ ಮನೆಯವರನ್ನೂ ಸೇರಿಸಬಹುದು. ನಾನು ಓದಿ ಹೇಳಿದ್ದನ್ನೆಲ್ಲ ಕೇಳಿ ಅಕ್ಕ ತಲೆಯಾಡಿಸಿದಳು. "ಇದು ಮೈಗೆ ಸರಿಯಾಗಿ ಕೂತಿದೆ."

ಆದರೆ ಆ ಚೌಕದಲ್ಲಿ ಅವಳು ಬರೆದದ್ದು ನೋಡಿ ನನಗೆ ತಲೆ ಕೆಟ್ಟಿತು. ಬುಧವಾರ, ನೋವು ಎರಡು, ಶಾಲೆಯ ನೀಲಿ ಅಂಗಿ ಆರು. ಗುರುವಾರ, ನೋವು ಎಂಟು, ವಕೀಲರ ಕೋಟು.

"ನೋವಿನ ವಿಷಯ ಬರಿ ಅಂದ್ರೆ ಬಟ್ಟೆ ವಿಷಯ ಬರೀತೀಯಲ್ಲಕ್ಕ."

"ಬಟ್ಟೆ ಹೇಳ್ದೆ ದಿನ ನೆನಪಿಟ್ಕೊಳ್ಳೋದು ಹೇಗೇ?"

ಅದೂ ಸರಿಯೇ. ನನ್ನ ಮಗಳು ಹುಟ್ಟಿದ ದಿನ ಅವಳಿಗೆ ಇಂದಿಗೂ ಕಂದು ಕೋಟಿನ ಎಡತೋಳು ಕೂರಿಸಿದ ದಿನ.

ತಿಂಗಳು ಮುಗಿದ ಮೇಲೆ ಡಾಕ್ಟರಮ್ಮ ಆ ಪುಟದ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದರು. "ಎಂಟು, ವಕೀಲರ ಕೋಟು. ಒಂದು, ಬಿಳಿ ಪರದೆ. ಸೊನ್ನೆ, ಹಳದಿ ಫ್ರಾಕು. ಒಂಬತ್ತು, ವಕೀಲರ ಕೋಟು. ಎಂಟು, ಹೋಟೆಲಿನವರ ಪ್ಯಾಂಟು." ತಲೆಯೆತ್ತಿ ಕೇಳಿದರು, "ಈ ಪ್ಯಾಂಟು ಯಾವ ಬಣ್ಣ?"

"ಕಪ್ಪು" ಅಂದೆ ನಾನು. ಅಕ್ಕ ಫ್ಯಾನ್ ನೋಡುತ್ತಿದ್ದಳು.

"ಕಪ್ಪು ಬಟ್ಟೆ ಮೇಲೆ ಕಪ್ಪು ದಾರ. ಸ್ಕ್ಯಾನ್ ಆಮೇಲೆ ನೋಡೋಣ, ಮೊದಲು ಕಣ್ಣು ತೋರಿಸಿ ಬನ್ನಿ. ಅಂದ ಹಾಗೆ ಸೂಜಿಗೆ ದಾರ ಪೋಣಿಸೋದು ಯಾರು?"

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡುವುದಿಲ್ಲ ಅಂತ ಅವಳಿಗೆ ಗೊತ್ತು. ಆದರೂ ಅವಳೇ ಹೇಳಿದಳು, "ಒಂದು ವರ್ಷದಿಂದ ಇವಳೇ." ನನ್ನ ಕಣ್ಣು ತುಂಬಿ ಬಂತು.

ಕನ್ನಡಕ ಬಂತು. ಅದರ ನಂತರದ ಮೊದಲ ಕೋಟಿಗೆ ನೋವು ಎರಡು, ಮುಂದಿನ ಕೋಟಿಗೆ ಸೊನ್ನೆ. ಸ್ಕ್ಯಾನ್ ಬೇಡ, ಮೆಷಿನ್ ಬಿಡುವುದೂ ಬೇಡ ಅಂದರು ಡಾಕ್ಟರಮ್ಮ. ಅವತ್ತು ಅಕ್ಕ ಬೀದಿಯವರನ್ನೆಲ್ಲ ಕರೆದು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ತೋರಿಸಿದಳು. ನಾನಂತೂ ಸಂತೋಷದಿಂದ ಹಾರಾಡುತ್ತಿದ್ದೆ.

ಆಮೇಲೆ ಅವಳು ನಾನು ಮುಗಿಸಿಟ್ಟಿದ್ದ ಬೂದು ಪ್ಯಾಂಟು ಎತ್ತಿಕೊಂಡಳು. ಕಾಲಿನ ಅಂಚನ್ನು ಕನ್ನಡಕದ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

"ಇದು ಯಾರು ಹೊಲಿದದ್ದು?"

"ನಾನೇ."

"ಎಷ್ಟು ದಿನದಿಂದ ಹೀಗೆ ಹೊಲೀತಿದ್ದೀಯ?"

ಈ ಸಲ ಫ್ಯಾನ್ ನೋಡುವ ಸರದಿ ನನ್ನದು. ಬೈಗುಳಕ್ಕೆ ಕಾದೆ, ಬರಲಿಲ್ಲ. ಅಕ್ಕ ಫೋನು ತೆಗೆದುಕೊಂಡು ನನ್ನ ಪಕ್ಕಕ್ಕೆ ಸ್ಟೂಲು ಎಳೆದು ಕೂತಳು.

"ಇದರಲ್ಲಿ ಮನೆಯವರನ್ನೂ ಸೇರಿಸಬಹುದು ಅಂದಿದ್ಯಲ್ಲ, ಎಲ್ಲಿ ಒತ್ತಬೇಕು?"

ತೋರಿಸಿದೆ. ಆ ಚೌಕದಲ್ಲಿ ನನ್ನ ಲೆಕ್ಕದ ಮೊದಲ ಸಾಲನ್ನು ಅವಳೇ ಬರೆದಳು: ತಂಗಿ. ನೋವು ಸೊನ್ನೆ. ಬೂದು ಪ್ಯಾಂಟು ಎರಡು, ಹೆಮ್ಮಿಂಗ್ ಪೂರ್ತಿ ಬಿಚ್ಚಬೇಕು.